ಕಲ್ಪಿತನಾಮಗಳ ನಿರ್ವಚನವೂ ವಂಶವಿಚಾರವೂ

ಕನ್ನಡ ವೈಯಾಕರಣರು ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂಬ ಭೇದಗಳನ್ನು ಹೇಳುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ವ್ಯವಹಾರಸೌಕರ್ಯಕ್ಕಾಗಿ ಇಟ್ಟುದು ಅಂಕಿತ. ಗುಣಕ್ರಿಯಾದಿಗಳ ಅರ್ಥವನ್ನನುಸರಿಸಿ ಬಂದುದು ಅನ್ವರ್ಥ. ಲೋಕದಲ್ಲಿ ಲಕ್ಷ್ಮೀಪತಿಯೆಂಬವನು ದರಿದ್ರನಾಗಿರಬಹುದು, ಭೀಮನೆಂಬವನು ಕೃಶನಾಗಿರಬಹುದು. ಅದರಿಂದ ಯಾರಿಗೂ ಬಾಧಕವಿಲ್ಲ. ತಂದೆತಾಯಿಗಳು ಶಿಶುವಿನ ಭವಿಷ್ಯವನ್ನರಿಯದೆ ಹೆಸರಿಡುವರು. ಆದರೆ ಕವಿಯು ತಾನೇ ಕಲ್ಪಿಸಿದ ಲೋಕದಲ್ಲಿ ತಾನೇ ಕಲ್ಪಿಸಿದ ಪಾತ್ರಕ್ಕಿಟ್ಟ ಹೆಸರು ಯಾವ ವರ್ಗಕ್ಕೆ ಸೇರತಕ್ಕುದು? ಕವಿಯು ಪಾತ್ರದ ಆದ್ಯಂತಗಳನ್ನು ಬಲ್ಲವನೆಂದೂ, ಆದುದರಿಂದ ಅರ್ಥವಿಲ್ಲದೆ ಹೆಸರಿಡಲಾರನೆಂದೂ ವಾಚಕರು ಸಹಜವಾಗಿ ನಂಬುತ್ತಾರೆ. ಈ ನಂಬಿಕೆಯೊಂದರ ಆಧಾರದ ಮೇಲೆ, ಕಳೆದ ಎಪ್ಪತ್ತು ವರ್ಷಗಳಲ್ಲಿ, ಇಂಗ್ಲಿಷ್ ಭಾಷೆಯ ಅದ್ಭುತಕಥೆಗಳ ಸುತ್ತಲೂ ವಿಸ್ತಾರವಾದೊಂದು ವ್ಯಾಖ್ಯಾನವಾಙ್ಮಯವು ಬೆಳೆದುಬಂದಿದೆ. ಅದನ್ನು ಬೆಳೆಯಿಸಿದವರು ಬಹುಮಟ್ಟಿಗೆ ವಿದ್ಯಾಪೀಠಗಳ ಪಂಡಿತರಲ್ಲ. ಕಥೆಯಲ್ಲಿ ಆಸಕ್ತರಾದ ಸಾಮಾನ್ಯ ವಾಚಕರು. ಹೆಸರಿನ ಧಾತುವನ್ನು ಹುಡುಕುವುದು, ಧಾತುವಿನಿಂದ ಕುಲವನ್ನು ಊಹಿಸುವುದು, ಕುಲದಿಂದ ಕಥೆಯನ್ನು ಕಟ್ಟುವುದು, ಇದು ಅವರ ಕ್ರಮ. ಈ ಕ್ರಮಕ್ಕೆ ಪ್ರಾಮಾಣ್ಯವುಂಟೆ, ಉಂಟಾದರೆ ಎಷ್ಟರಮಟ್ಟಿಗೆ, ಎಂಬುದು ಪ್ರಕೃತ ವಿಚಾರ. ಗ್ರಂಥಕರ್ತನೇ ವಾಚಕರಿಗೆ ಉತ್ತರವಿತ್ತಿರುವ, ಅವನ ಹಸ್ತಪ್ರತಿಗಳೂ ಅಚ್ಚಾಗಿರುವ ನಿದರ್ಶನವೊಂದನ್ನು ಮುಖ್ಯವಾಗಿ ತೆಗೆದುಕೊಂಡರೆ ವಿಚಾರವು ಸುಕರವಾಗುವುದು. ಅಂತಹುದು ಜೆ. ಆರ್. ಆರ್. ಟೋಲ್ಕಿನ್ನರ ಕೃತಿಸಮೂಹ.

ಟೋಲ್ಕಿನ್ನರು (1892–1973) ವೃತ್ತಿಯಿಂದ ಭಾಷಾಶಾಸ್ತ್ರಜ್ಞರು. 1919–20ರಲ್ಲಿ ಆಕ್ಸ್‌ಫರ್ಡ್ ಮಹಾನಿಘಂಟುವಿನ ಕಾರ್ಯಾಲಯದಲ್ಲಿದ್ದು ಶಬ್ದಗಳ ಮೂಲವನ್ನು ಶೋಧಿಸುವ ಕೆಲಸ ಮಾಡಿದರು. 1925ರಿಂದ 1945ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕರಾಗಿಯೂ, ಬಳಿಕ 1959ರವರೆಗೆ ಇಂಗ್ಲಿಷ್ ಭಾಷಾಸಾಹಿತ್ಯಗಳ ಪ್ರಾಧ್ಯಾಪಕರಾಗಿಯೂ ಇದ್ದರು. ಇವರು ಯೌವನದಿಂದಲೇ ಹೊಸ ಭಾಷೆಗಳನ್ನು ಕಲ್ಪಿಸುತ್ತ ಬಂದರು. ಅವುಗಳಲ್ಲಿ ಕ್ವೆನ್ಯಾ ಎಂಬುದರ ಧ್ವನಿಗೆ ಫಿನ್ನಿಷ್ ಭಾಷೆಯೂ, ಸಿಂದರಿನ್ ಎಂಬುದರ ಧ್ವನಿಗೆ ವೆಲ್ಷ್ ಭಾಷೆಯೂ ಆದರ್ಶ. ಈ ಎರಡೂ ಒಂದೇ ಮೂಲಭಾಷೆಯಿಂದ ಕ್ರಮಬದ್ಧವಾದ ಧ್ವನಿವ್ಯತ್ಯಾಸಗಳ ಮೂಲಕ ಕವಲೊಡೆದವುಗಳಾಗಿ ಕಲ್ಪಿತವಾಗಿವೆ. ಭಾಷೆಗಳಿಗೆ ಆಶ್ರಯವಾಗಲೆಂದು ಕಥೆಗಳನ್ನು ರಚಿಸಿದುದೇ ಹೊರತು ಕಥೆಗಳಿಗಾಗಿ ಭಾಷೆಗಳನ್ನಲ್ಲವೆಂದು ಅವರು ಅನೇಕಬಾರಿ ಹೇಳಿರುವರು. ‘ದಿ ಹಾಬಿಟ್’ 1937ರಲ್ಲಿಯೂ, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮೂರು ಸಂಪುಟಗಳ ಮಹಾಕಥೆಯು 1954–55ರಲ್ಲಿಯೂ ಪ್ರಕಟವಾದುವು. ಮೂರನೆಯ ಸಂಪುಟದ ಕೊನೆಗೆ ರಾಜಾವಳಿ, ಕಾಲಾನುಕ್ರಮಣಿ, ವಂಶವೃಕ್ಷ, ಪಂಚಾಂಗ, ಲಿಪಿ, ಭಾಷೆ ಇವುಗಳನ್ನು ಕುರಿತ ಆರು ಅನುಬಂಧಗಳಿರುವುವು. ಕಥೆಯ ಕೊನೆಗೆ ವಂಶವೃಕ್ಷವನ್ನೂ ವ್ಯಾಕರಣವನ್ನೂ ಕೊಟ್ಟ ಗ್ರಂಥಕರ್ತನು ವಾಚಕರಿಂದ ವಂಶದ ಪ್ರಶ್ನೆಯನ್ನೂ ವ್ಯಾಕರಣದ ಪ್ರಶ್ನೆಯನ್ನೂ ತಾನೇ ಬರಮಾಡಿಕೊಂಡಂತೆ ಆಯಿತು. 1965ರಲ್ಲಿ ಅಮೆರಿಕದಲ್ಲಿ ಅಲ್ಪಬೆಲೆಯ ಮುದ್ರಣಗಳು ಹೊರಬಿದ್ದ ಮೇಲಂತೂ ಪತ್ರಗಳಿಗೆ ಮಿತಿಯಿಲ್ಲದಾಯಿತು.

ಮೊದಲ ಕಾಲದ ವ್ಯಾಖ್ಯಾತೃಗಳ ಪದ್ಧತಿಯು ಸರಳವಾದುದು. ಕಥೆಯಲ್ಲಿ ಬಂದ ಹೆಸರನ್ನು ತಮಗೆ ಗೊತ್ತಿರುವ ಯಾವುದಾದರೊಂದು ಭಾಷೆಯ ಶಬ್ದದೊಡನೆ ಸೇರಿಸುವುದು. ಕಥೆಯ ಪ್ರತಿನಾಯಕನು ಸೌರಾನ್. ಗ್ರೀಕ್ ಭಾಷೆಯಲ್ಲಿ ಹಲ್ಲಿಯ ಜಾತಿಯ ಪ್ರಾಣಿಗೆ ‘ಸೌರ’ ಎಂದು ಹೆಸರು. ಆದುದರಿಂದ ಅವನು ಉರಗಸ್ವಭಾವದವನು ಎಂದು ಒಂದು ಪಕ್ಷ. ಸಂಸ್ಕೃತಜ್ಞನಾದವನು ಅದೇ ನ್ಯಾಯದಿಂದ ಸೌರಶಬ್ದವನ್ನು ತಂದು ಆ ದುಷ್ಟನನ್ನು ಸೂರ್ಯವಂಶಕ್ಕೂ ಸೇರಿಸಬಹುದಷ್ಟೆ! ಭೂಗರ್ಭದಲ್ಲಿರುವ ಪಾಳುನಗರಕ್ಕೆ ಮೋರಿಯಾ ಎಂದು ಹೆಸರು. ಅಬ್ರಹಾಮನು ಪುತ್ರಬಲಿಗಾಗಿ ಹೋದನೆಂದು ಬೈಬಲಿನಲ್ಲಿ ಹೇಳಿರುವ ಪ್ರದೇಶಕ್ಕೂ ಅದೇ ಹೆಸರು. ಆದುದರಿಂದ ಇಲ್ಲಿಯೂ ಬಲಿದಾನದ ಸೂಚನೆಯಿದೆ ಎಂದು ಇನ್ನೊಂದು ಪಕ್ಷ. ಇಂತಹ ಪ್ರಶ್ನೆಗಳಿಗೆ ಟೋಲ್ಕಿನ್ನರು 1967ರ ಆಗಸ್ಟ್ ತಿಂಗಳಲ್ಲಿ ಸಿದ್ಧಪಡಿಸಿದ ಒಂದು ದೀರ್ಘವಾದ ಉತ್ತರದ ಕರಡು 1981ರಲ್ಲಿ ಅಚ್ಚಾದ ಅವರ ಪತ್ರಸಂಗ್ರಹದಲ್ಲಿ ದೊರೆಯುತ್ತದೆ. ಅದರ ಪ್ರಕಾರ ಸೌರಾನ್ ಎಂಬುದು ‘ಜುಗುಪ್ಸಿತ’ ಎಂಬರ್ಥದ ‘ಥೌರಾ’ ಎಂಬ ಮೂಲರೂಪದಿಂದ, ಕ್ವೆನ್ಯಾದಲ್ಲಿ ಥಕಾರವು ಸಕಾರವಾಗಿ ಸಿದ್ಧವಾದುದು. ಮೋರಿಯಾ ಎಂಬುದರಲ್ಲಿ ‘ಮೋರ್’ ಕಪ್ಪು, ‘ಇಯಾ’ ಪ್ರಪಾತ. ಬೈಬಲಿನ ಪ್ರದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊರಗಿನ ಭಾಷೆಯಲ್ಲಿ ಸದೃಶಶಬ್ದವು ಸಿಕ್ಕಿದ ಮಾತ್ರಕ್ಕೆ ಅದರ ಅರ್ಥವನ್ನು ಕಥೆಯೊಳಕ್ಕೆ ತರುವುದು ಅಪ್ರಯೋಜಕವೆಂಬುದು ಆ ಪತ್ರದ ಸಾರ.

ಇಲ್ಲಿ ಯಾಸ್ಕರ ನಿರುಕ್ತದಲ್ಲಿ ಬರುವ ವಾದವು ನೆನಪಿಗೆ ಬಾರದಿರದು. ನಾಮಗಳೆಲ್ಲವೂ ಆಖ್ಯಾತಜನ್ಯವೆಂಬುದು ಶಾಕಟಾಯನರ ಮತ್ತು ನೈರುಕ್ತರ ಮತ. ಎಲ್ಲವೂ ಹಾಗಲ್ಲವೆಂಬುದು ಗಾರ್ಗ್ಯರ ಮತ. ಯಾಸ್ಕರಾದರೋ ಅರ್ಥವನ್ನು ಪ್ರಧಾನವಾಗಿಟ್ಟುಕೊಂಡು, ಬೇರೆ ದಾರಿಯಿಲ್ಲದಲ್ಲಿ ವರ್ಣಸಾಮ್ಯದಿಂದಲಾದರೂ ನಿರ್ವಚನ ಮಾಡತಕ್ಕುದೆಂದು ವಿಧಿಸಿದರು. ಟೋಲ್ಕಿನ್ನರ ವಾಚಕರು ವರ್ಣಸಾಮ್ಯವನ್ನು ಹಿಡಿದರು, ಅರ್ಥಪ್ರಾಧಾನ್ಯವನ್ನು ಬಿಟ್ಟರು. ಆದರೆ ಅವರ ಮೂಲನಂಬಿಕೆಯು ತಪ್ಪಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಟೋಲ್ಕಿನ್ನರ ಲೋಕದಲ್ಲಿ ಶಾಕಟಾಯನಪಕ್ಷವೇ ಸಿದ್ಧಾಂತ. ಅಲ್ಲಿ ಧಾತುವಿಲ್ಲದ ಹೆಸರು ವಿರಳ. ಅಂಕಿತನಾಮವೆಂದು ತೋರುವುದೂ ಬಗೆದುನೋಡಿದರೆ ಅನ್ವರ್ಥವೇ. ವಾಚಕರು ತಪ್ಪಿದುದು ಧಾತುವನ್ನು ಹುಡುಕಿದುದರಲ್ಲಿ ಅಲ್ಲ, ಹುಡುಕಿದ ಸ್ಥಳದಲ್ಲಿ.

ಹಾಗೆಂದು ಗ್ರಂಥಕರ್ತರ ನಿರಾಕರಣವನ್ನೂ ಅಕ್ಷರಶಃ ಸ್ವೀಕರಿಸುವಂತಿಲ್ಲ. ಮೋರಿಯಾ ಎಂಬ ಧ್ವನಿಯು ತಮಗೆ ಬಂದುದು ‘ಸೋರಿಯಾ ಮೋರಿಯಾ ಕೋಟೆ’ ಎಂಬ ನಾರ್ವೆ ದೇಶದ ಜನಪದಕಥೆಯ ಹೆಸರಿನಿಂದ ಎಂದು ಅದೇ ಪತ್ರದಲ್ಲಿ ಅವರು ಒಪ್ಪಿಕೊಂಡಿದ್ದಾರೆ. ನಾವಿಕನಾದ ಎಯಾರೆಂಡಿಲನ ಹೆಸರು ಪ್ರಾಚೀನ ಆಂಗ್ಲಭಾಷೆಯ ಒಂದು ಧಾರ್ಮಿಕಕಾವ್ಯದಲ್ಲಿ ಕಂಡ ಶಬ್ದ. ಆ ಶಬ್ದದ ಸೌಂದರ್ಯಕ್ಕೆ ಮಾರುಹೋಗಿ 1914ರಲ್ಲಿ ಅವರು ಬರೆದ ಪದ್ಯವೇ ಮುಂದಿನ ಪುರಾಣಸಮಸ್ತಕ್ಕೂ ಬೀಜವಾಯಿತು. ಉಂಗುರವೆಂಬ ಅರ್ಥದಲ್ಲಿ ದುಷ್ಟರ ಭಾಷೆಗೆ ಅವರು ಕಲ್ಪಿಸಿದ ‘ನಜ್ಗ್’ ಎಂಬ ಶಬ್ದವು ಗೇಲಿಕ್ ಭಾಷೆಯ ಉಂಗುರವಾಚಕವಾದ ‘ನಸ್ಕ್’ ಎಂಬುದರ ಅಜ್ಞಾತಸಂಸ್ಕಾರದಿಂದ ಬಂದಿರಬಹುದೆಂದೂ ಒಪ್ಪಿದ್ದಾರೆ. ಮಾಂತ್ರಿಕನಾದ ಗ್ಯಾಂಡಾಲ್ಫನ ಹೆಸರಂತೂ ಐಸ್‌ಲೆಂಡಿನ ಪ್ರಾಚೀನಕಾವ್ಯವಾದ ‘ವೊಲುಸ್ಪಾ’ದಲ್ಲಿರುವ ಕುಬ್ಜರ ನಾಮಾವಳಿಯಿಂದ ನೇರವಾಗಿ ಎತ್ತಿಕೊಂಡುದು. ‘ಹಾಬಿಟ್’ ಕಥೆಯ ಪ್ರಥಮಲೇಖನದಲ್ಲಿ ಅದು ಕುಬ್ಜರ ನಾಯಕನ ಹೆಸರಾಗಿತ್ತು, ಮಾಂತ್ರಿಕನಿಗೆ ಬ್ಲಾಡೋರ್ಥಿನ್ ಎಂಬ ಬೇರೆ ಹೆಸರಿತ್ತು. ಹೀಗಿರಲು, ಶಬ್ದದ ಉತ್ಪತ್ತಿಗೆ ಹೊರಗಿನ ನಿಮಿತ್ತವು ಬೇರೆ, ಕಥೆಯೊಳಗಿನ ವ್ಯುತ್ಪತ್ತಿಯು ಬೇರೆ ಎಂದು ವಿವೇಚಿಸುವುದೇ ಯುಕ್ತವಾದ ಮಾರ್ಗ. ನಿಮಿತ್ತವನ್ನು ಗ್ರಂಥಕರ್ತನ ಜೀವನಚರಿತ್ರೆಯಿಂದ ತಿಳಿಯಬೇಕು. ವ್ಯುತ್ಪತ್ತಿಯನ್ನು ಅವನು ಕಲ್ಪಿಸಿದ ವ್ಯಾಕರಣದಿಂದ ತಿಳಿಯಬೇಕು. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟಾಗಲೆಲ್ಲ ಭ್ರಾಂತಿಯುಂಟಾಗಿದೆ.

ಈ ಎರಡಕ್ಕೂ ಇರುವ ದೂರವನ್ನು ಗ್ಯಾಮ್ಜಿ ಎಂಬ ಮನೆತನದ ಹೆಸರಿಗಿಂತ ಚೆನ್ನಾಗಿ ತೋರಿಸುವ ಉದಾಹರಣೆಯು ಬೇರೊಂದಿಲ್ಲ. ಕಥಾನಾಯಕನ ನಿಷ್ಠಾವಂತ ಸೇವಕನು ಸ್ಯಾಮ್‌ವೈಸ್ ಗ್ಯಾಮ್ಜಿ, ತೋಟದ ಕೆಲಸದವನು. ಟೋಲ್ಕಿನ್ನರು ಬಾಲ್ಯವನ್ನು ಕಳೆದ ಬರ್ಮಿಂಗ್‌ಹ್ಯಾಮ್ ಪ್ರಾಂತದಲ್ಲಿ ‘ಗ್ಯಾಮ್ಜಿ’ ಎಂದರೆ ಗಾಯಕ್ಕೆ ಕಟ್ಟುವ ಹತ್ತಿ. ಆ ನಗರದ ಶಸ್ತ್ರವೈದ್ಯರಾಗಿದ್ದ ಸ್ಯಾಂಪ್ಸನ್ ಗ್ಯಾಮ್ಜಿ (1828–1886) ಎಂಬವರು ಹತ್ತಿಯ ಪದರವನ್ನು ತೆಳುಬಟ್ಟೆಯ ನಡುವೆ ಇಟ್ಟು ಮಾಡಿದ ಕಟ್ಟಿಗೆ ಅವರ ಹೆಸರೇ ರೂಢಿಯಾಯಿತು. ಇದು ಹೊರಗಿನ ನಿಮಿತ್ತ. ಕಥೆಯಲ್ಲಿ ಸ್ಯಾಮ್‌ವೈಸನು ಮದುವೆಯಾಗುವ ಕನ್ಯೆ ರೋಸ್ ಕಾಟನ್. ಇಂಗ್ಲಿಷಿನಲ್ಲಿ ‘ಕಾಟನ್’ ಎಂದರೂ ಹತ್ತಿಯೇ. ವಾಚಕರು ಇದರಲ್ಲಿ ಹಾಸ್ಯವನ್ನು ಕಂಡುದು ಸ್ವಾಭಾವಿಕ. ಅನುಬಂಧದಲ್ಲಿ ಗ್ರಂಥಕರ್ತರು ಕೊಡುವ ವಿವರವಾದರೋ ಬೇರೆ. ಇಡೀ ಕಥೆಯೇ ಒಂದು ಪ್ರಾಚೀನ ಭಾಷೆಯಿಂದ ತಾವು ಮಾಡಿದ ಭಾಷಾಂತರವೆಂದು ಅಲ್ಲಿ ನಟಿಸಿ, ಸ್ಯಾಮನ ನಿಜವಾದ ಹೆಸರು ಬನಜೀರ್ ಎಂದೂ, ಅದರ ಅರ್ಥ ‘ಅರೆಬುದ್ಧಿಯವನು’ ಎಂದೂ, ಅದಕ್ಕೆ ಸಮನಾದ ಪ್ರಾಚೀನ ಆಂಗ್ಲಶಬ್ದವೇ ಸ್ಯಾಮ್‌ವೈಸ್ ಎಂದೂ ತಿಳಿಸುತ್ತಾರೆ. ಗ್ಯಾಮ್ಜಿ ಎಂಬುದು ಒಂದು ಹಳ್ಳಿಯ ಹೆಸರಿನಿಂದ ಬಂದುದು. ಕಾಟನ್ ಎಂಬುದು ಗುಡಿಸಲುಗಳ ಊರು ಎಂಬುದರ ಸಂಕ್ಷೇಪ, ಹತ್ತಿಯಲ್ಲ.

ಇದಕ್ಕಿಂತ ರಸವತ್ತಾದುದು ವಂಶವೃಕ್ಷದ ಸಾಕ್ಷ್ಯ. ಮೂಲಪುರುಷನಾದ ಹ್ಯಾಮ್‌ಫಾಸ್ಟನು ಗ್ಯಾಮ್‌ವಿಚ್ ಎಂಬ ಹಳ್ಳಿಯವನು. ಅವನ ಮಗನು ವೈಸ್‌ಮನ್ ಗ್ಯಾಮ್‌ವಿಚ್. ಅವನ ಮಗನು ಹಾಬ್ ಗ್ಯಾಮಿಜ್. ಅವನ ಮಗನಾದ ಹಾಬ್ಸನ್ನನಿಗೆ ಬರುವಾಗ ಹೆಸರು ಗ್ಯಾಮ್ಜಿಯಾಗಿದೆ. ಅವನ ಮೊಮ್ಮಗನೇ ಸ್ಯಾಮ್‌ವೈಸ್. ಸ್ಯಾಮನ ಮಗನ ಕಾಲಕ್ಕೆ ಗ್ಯಾಮ್ಜಿಯೂ ಹೋಗಿ ‘ಗಾರ್ಡ್ನರ್’, ಅಂದರೆ ತೋಟಗಾರ, ಎಂಬ ವೃತ್ತಿನಾಮವು ನಿಂತಿದೆ. ಶಾಸನಗಳಲ್ಲಿ ಊರಿನ ಹೆಸರು ಶತಮಾನದಿಂದ ಶತಮಾನಕ್ಕೆ ಸವೆಯುತ್ತ ಬರುವುದನ್ನು ನೋಡಿದವರಿಗೆ ಇದು ಎಷ್ಟು ಸಹಜವಾಗಿದೆಯೆಂಬುದು ಗೊತ್ತಾಗುವುದು. ಧ್ವನಿಪರಿಣಾಮವನ್ನು ತಲೆಮಾರುಗಳ ಮೇಲೆ ಹೀಗೆ ಹರಡಿ ತೋರಿಸಿದ ಕಥೆಗಾರರು ಅಪರೂಪ. ಹೆಸರಿನ ವಿಚಾರವೂ ವಂಶದ ವಿಚಾರವೂ ಇಲ್ಲಿ ಎರಡಲ್ಲ, ಒಂದೇ.

ತಪ್ಪುನಿರ್ವಚನಕ್ಕೂ ಈ ಲೋಕದಲ್ಲಿ ಸ್ಥಾನವುಂಟು. ಗಲದ್ರಿಯೆಲ್ ಎಂಬ ರಾಣಿಯ ಹೆಸರಿನಲ್ಲಿರುವುದು ‘ಗಲದ್’, ಪ್ರಕಾಶ. ಕಾಂತಿಯ ಮಾಲೆಯನ್ನು ಮುಡಿದ ಕನ್ಯೆ ಎಂಬುದು ಸಮಗ್ರಪದದ ಅರ್ಥ. ಅವಳ ರಾಜ್ಯವು ವನವಾದುದರಿಂದ, ಮರವೆಂಬ ಅರ್ಥದ ‘ಗಲಧ್’ ಶಬ್ದವೇ ಅವಳ ಹೆಸರಿನಲ್ಲಿದೆಯೆಂದು ಹೊರಗಿನ ಜನರು ಭ್ರಮಿಸಿ ಹೆಸರನ್ನೇ ತಿದ್ದಿ ನುಡಿಯುತ್ತಿದ್ದರೆಂದು ಗ್ರಂಥಕರ್ತರು ಬರೆದಿದ್ದಾರೆ. ಗ್ಯಾಂಡಾಲ್ಫ್ ಎಂಬುದಕ್ಕೆ ‘ದಂಡಧಾರಿಯಾದ ಎಲ್ಫ್’ ಎಂಬ ಅರ್ಥವು ಬಂದುದೂ ಅವನನ್ನು ಎಲ್ಫರೆಂಬ ಅಮರಜನಾಂಗಕ್ಕೆ ಸೇರಿದವನೆಂದು ಉತ್ತರದೇಶದ ಮನುಷ್ಯರು ತಪ್ಪಾಗಿ ತಿಳಿದುದರಿಂದ. ವಿದ್ಯಾವಂತನಾದ ವಾಚಕನೊಬ್ಬನು ಅರಗೋರ್ನನೆಂಬ ರಾಜನ ಹೆಸರಿಗೆ ‘ವೃಕ್ಷರಾಜ’ ಎಂಬರ್ಥವನ್ನು ಊಹಿಸಿದಾಗ, ಈ ಹೆಸರಿನಲ್ಲಿ ವೃಕ್ಷವಾಚಕವು ಇರಲಾರದೆಂದು ಟೋಲ್ಕಿನ್ನರು 1972ರ ಡಿಸೆಂಬರಿನಲ್ಲಿ ಉತ್ತರ ಬರೆದರು. ಆ ವಾಚಕನು ಗ್ರೀಕಿಗೂ ಹೀಬ್ರೂವಿಗೂ ಹೋಗದೆ ಸಿಂದರಿನ್ ಭಾಷೆಯೊಳಗೇ ಪದಚ್ಛೇದ ಮಾಡಿದ್ದನೆಂಬುದು ಇಲ್ಲಿ ಮುಖ್ಯ. ಐದು ವರ್ಷಗಳ ಹಿಂದಿನ ಪ್ರಶ್ನೆಗಳಿಗೂ ಇದಕ್ಕೂ ಇರುವ ಅಂತರವನ್ನು ನೋಡಿದರೆ ವ್ಯಾಖ್ಯಾನವು ಶಾಸ್ತ್ರವಾಗುತ್ತಿದ್ದುದು ಕಾಣುವುದು. ಬ್ರಿಟನ್ನಿನಲ್ಲಿ ಟೋಲ್ಕಿನ್ ಸಂಘವು 1969ರಲ್ಲಿ ಸ್ಥಾಪಿತವಾಯಿತು. ಕಲ್ಪಿತಭಾಷೆಗಳಿಗಾಗಿಯೇ ಮೀಸಲಾದ ‘ಪರ್ಮಾ ಎಲ್ದಲಂಬೆರೋನ್’ ಎಂಬ ಪತ್ರಿಕೆಯು 1971ರಲ್ಲಿ ಆರಂಭವಾಯಿತು. ಅದೇ ವರ್ಷದಲ್ಲಿ ರಾಬರ್ಟ್ ಫಾಸ್ಟರರ ನಾಮಕೋಶವೂ ಪ್ರಕಟವಾಯಿತು.

ಈ ಪದ್ಧತಿಯು ಎಲ್ಲ ಅದ್ಭುತಕಥೆಗಳಿಗೂ ಸಲ್ಲುವುದೆ ಎಂದರೆ, ಇಲ್ಲ. ಜೆ. ಕೆ. ರೌಲಿಂಗ್ ಎಂಬ ಆಂಗ್ಲಲೇಖಕಿಯು 1997ರಿಂದ 2007ರವರೆಗೆ ಪ್ರಕಟಿಸಿದ ಹ್ಯಾರಿ ಪಾಟರನ ಏಳು ಕಥೆಗಳು ಇದಕ್ಕೆ ಪ್ರತ್ಯುದಾಹರಣೆ. ಅಲ್ಲಿ ಹೊಸ ಭಾಷೆಯಾಗಲಿ ವ್ಯಾಕರಣವಾಗಲಿ ಇಲ್ಲ. ಹೆಸರುಗಳು ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳಿಂದ ಸಂದರ್ಭಾನುಸಾರ ಬಂದವು. 1999ರ ಮೂರನೆಯ ಕಥೆಯಲ್ಲಿ ಉಪಾಧ್ಯಾಯನಾಗಿ ಬರುವ ರೀಮಸ್ ಲೂಪಿನ್ ಹುಣ್ಣಿಮೆಯಂದು ತೋಳವಾಗುವವನು. ರೀಮಸನು ತೋಳದ ಹಾಲು ಕುಡಿದು ಬೆಳೆದ ರೋಮನ್ ಪುರಾಣಪುರುಷ. ಲೂಪಿನ್ ಎಂಬುದರ ಮೂಲವೂ ಲ್ಯಾಟಿನ್ನಿನ ತೋಳವಾಚಕವೇ. ಲ್ಯಾಟಿನ್ ಬಲ್ಲ ವಾಚಕನು ರಹಸ್ಯವನ್ನು ಮೊದಲ ಪುಟದಲ್ಲಿಯೇ ಅರಿಯುವನು. ಆದರೆ ಅವನು ಹುಟ್ಟಿನಿಂದ ತೋಳನಲ್ಲ, ಬಾಲ್ಯದಲ್ಲಿ ಕಡಿತಕ್ಕೆ ಸಿಕ್ಕಿ ಹಾಗಾದವನು. ಮನೆತನದ ಹೆಸರು ಮೊದಲೇ ಹಾಗಿರಲು ಕಾರಣವೇನು? ಮಹಾಭಾಷ್ಯದಲ್ಲಿ ‘ಭಾವಿನೀ ಸಂಜ್ಞಾ’ ಎಂಬ ವಿಚಾರವಿದೆ. ನೂಲನ್ನು ಕೊಟ್ಟು ಸೀರೆಯನ್ನು ನೇಯೆಂದರೆ, ಆಗಲೇ ಸೀರೆಯಾಗಿದ್ದರೆ ನೇಯಬೇಕಾಗಿಲ್ಲ, ನೇಯಬೇಕಾಗಿದ್ದರೆ ಅದು ಇನ್ನೂ ಸೀರೆಯಲ್ಲ. ಮುಂದೆ ಬರತಕ್ಕ ಹೆಸರನ್ನು ಮೊದಲೇ ಹೇಳಿದುದೆಂದು ಸಮಾಧಾನ. ಲೂಪಿನ್ನನ ಹೆಸರೂ ಅಂತಹುದೇ. ವಾಚಕರು ಅಷ್ಟಕ್ಕೆ ತೃಪ್ತರಾಗದೆ ಆ ಮನೆತನಕ್ಕೆ ಬಗೆಬಗೆಯ ಪೂರ್ವಕಥೆಗಳನ್ನು ಕಟ್ಟಿದರು. 2013ರಲ್ಲಿ ಲೇಖಕಿಯೇ ಪೂರ್ವಕಥೆಯನ್ನು ಪ್ರಕಟಿಸಿ, ತಂದೆಯಾದ ಲಯಲ್ ಲೂಪಿನ್ನನು ತೋಳಮಾನವನೊಬ್ಬನನ್ನು ಅವಮಾನಿಸಿದುದೇ ಮಗನ ದುರ್ಗತಿಗೆ ಕಾರಣವೆಂದು ತಿಳಿಸಿದರು. ಹೆಸರಿನ ಆಕಸ್ಮಿಕತೆಯು ಅದರಿಂದಲೂ ಪರಿಹಾರವಾಗಲಿಲ್ಲ.

ಅದೇ ಕಥಾಸರಣಿಯಲ್ಲಿ ವಾಚಕರು ಗೆದ್ದುದೂ ಉಂಟು, ಸೋತುದೂ ಉಂಟು. 2005ರ ಆರನೆಯ ಕಥೆಯ ಕೊನೆಗೆ ಆರ್. ಎ. ಬಿ. ಎಂಬ ಮೂರು ಅಕ್ಷರಗಳ ಸಹಿಯುಳ್ಳ ಪತ್ರವೊಂದು ಸಿಕ್ಕುತ್ತದೆ. ಹಿಂದಿನ ಕಥೆಗಳಲ್ಲಿ ಒಂದೆರಡು ಕಡೆ ಮಾತ್ರ ಬಂದಿದ್ದ ರೆಗ್ಯುಲಸ್ ಬ್ಲ್ಯಾಕ್ ಎಂಬವನೇ ಇವನೆಂದು ವಾಚಕರು ಬೇಗನೆ ಊಹಿಸಿದರು. ಡಚ್ ಭಾಷಾಂತರದಲ್ಲಿ ಬ್ಲ್ಯಾಕ್ ಮನೆತನವನ್ನು ‘ಜ್ವಾರ್ಟ್ಸ್’ ಎಂದು ಭಾಷಾಂತರಿಸಿದ್ದುದರಿಂದ ಅಲ್ಲಿ ಕೊನೆಯ ಅಕ್ಷರವು ‘ಜೆಡ್’ ಆಯಿತು. ನಾರ್ವೇಜಿಯನ್ನಿನಲ್ಲಿ ‘ಸ್ವಾರ್ಟ್’ ಎಂದಿದ್ದುದರಿಂದ ‘ಎಸ್’ ಆಯಿತು. ಮೂಲವು ಮುಚ್ಚಿಟ್ಟುದನ್ನು ಭಾಷಾಂತರವು ಬಿಚ್ಚಿತು. 2007ರ ಕೊನೆಯ ಕಥೆಯಲ್ಲಿ ಊಹೆಯು ನಿಜವೆಂದು ಸ್ಥಿರವಾಯಿತು. ಇದು ಪಾಠಾಂತರಗಳನ್ನು ಹೋಲಿಸಿ ನಿರ್ಣಯಿಸುವ ನಿಷ್ಕೃಷ್ಟವಾದ ರೀತಿ. ಇದನ್ನು ಬಾಲಚೇಷ್ಟೆಯೆಂದು ತಳ್ಳುವವರು ಸಂಶೋಧನೆಯ ಮರ್ಮವನ್ನರಿಯದವರು. ಇನ್ನು ಸೋತ ಕಥೆ. 2003ರ ಐದನೆಯ ಪುಸ್ತಕದ ಆರಂಭದಲ್ಲಿ ಮಾರ್ಕ್ ಎವನ್ಸ್ ಎಂಬ ಹತ್ತು ವರ್ಷದ ಹುಡುಗನ ಹೆಸರು ಒಮ್ಮೆ ಮಾತ್ರ ಬರುತ್ತದೆ. ಹ್ಯಾರಿಯ ತಾಯಿಯ ತವರುಮನೆಯ ಹೆಸರೂ ಎವನ್ಸ್. ಇವನು ಹ್ಯಾರಿಯ ತಾಯಿಯ ಕಡೆಯ ಬಂಧುವೇ ಸರಿ, ಮುಂದಿನ ಕಥೆಯಲ್ಲಿ ಇವನಿಗೆ ದೊಡ್ಡ ಪಾತ್ರವಿದೆ ಎಂದು ಸಹಸ್ರಾರು ವಾಚಕರು ನಂಬಿದರು. 2004ರಲ್ಲಿ ಲೇಖಕಿಯು ಆ ಹುಡುಗನು ಯಾರೂ ಅಲ್ಲವೆಂದೂ, ಹೆಸರು ಒಂದಾದುದು ಕೇವಲ ಕಾಕತಾಲೀಯವೆಂದೂ ಉತ್ತರವಿತ್ತು ವಾಚಕರ ಕ್ಷಮೆಯನ್ನೂ ಕೇಳಿದರು. ಎವನ್ಸ್ ಎಂಬುದು ಆ ದೇಶದಲ್ಲಿ ಬಹುಸಾಮಾನ್ಯವಾದ ಹೆಸರು. ಅಂಕಿತನಾಮವನ್ನು ಅನ್ವರ್ಥವೆಂದು ಹಿಡಿದುದರ ಫಲವಿದು.

ಟೋಲ್ಕಿನ್ನರಲ್ಲಿ ಇಂತಹ ಪ್ರಶ್ನೆಗ‌ಳಿಗೆ ‘ಯಾರೂ ಅಲ್ಲ’ ಎಂಬ ಉತ್ತರವು ದೊರೆಯುವುದಿಲ್ಲ. ಹೆಸರೊಂದು ಲೇಖನಿಯಿಂದ ಹೊರಟಿತೆಂದರೆ ಅದಕ್ಕೆ ಒಂದು ಕುಲವನ್ನು ಹುಡುಕಿಕೊಡುವವರೆಗೆ ಅವರಿಗೆ ನೆಮ್ಮದಿಯಿಲ್ಲ. ಮೋರಿಯಾದ ಕತ್ತಲೆಯಲ್ಲಿ ನಡೆಯುವಾಗ ಅರಗೋರ್ನನು, ದಾರಿ ಕಾಣುವುದರಲ್ಲಿ ಗ್ಯಾಂಡಾಲ್ಫನು ಬೆರೂಥಿಯೆಲ್ ರಾಣಿಯ ಬೆಕ್ಕುಗಳನ್ನೂ ಮೀರಿದವನೆಂಬ ಅಭಿಪ್ರಾಯದ ಮಾತೊಂದನ್ನು ಆಡುತ್ತಾನೆ. ಆ ರಾಣಿಯು ಯಾರು, ಬೆಕ್ಕುಗಳು ಯಾವುವು ಎಂಬುದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. 1955ರ ಜೂನ್ ತಿಂಗಳಲ್ಲಿ ಕವಿಯಾದ ಡಬ್ಲ್ಯು. ಎಚ್. ಆಡೆನ್ನರಿಗೆ ಬರೆದ ಪತ್ರದಲ್ಲಿ, ಆ ಬೆಕ್ಕುಗಳ ವಿಷಯವು ತಮಗೂ ಇನ್ನೂ ತಿಳಿದಿಲ್ಲವೆಂದು ಟೋಲ್ಕಿನ್ನರು ಹೇಳಿಕೊಂಡರು. ವಾಚಕರು ಬಿಡಲಿಲ್ಲ. ಕಾಲಕ್ರಮದಲ್ಲಿ ಉತ್ತರವು ಸಿದ್ಧವಾಯಿತು; ಅದು 1980ರಲ್ಲಿ ‘ಅಪೂರ್ಣ ಕಥೆಗಳು’ ಎಂಬ ಅರ್ಥದ ಹೆಸರಿನ ಮರಣೋತ್ತರ ಸಂಪುಟದ ಟಿಪ್ಪಣಿಯಾಗಿ ಪ್ರಕಟವಾಯಿತು. ಬೆರೂಥಿಯೆಲಳು ಗೊಂಡೋರ್ ರಾಜ್ಯದ ದೊರೆ ತರನ್ನೋನನ ಪ್ರೇಮರಹಿತಳಾದ ಪತ್ನಿ. ಒಂಬತ್ತು ಕರಿಯ ಬೆಕ್ಕುಗಳೂ ಒಂದು ಬಿಳಿಯ ಬೆಕ್ಕೂ ಅವಳ ಗೂಢಚಾರರು. ಕೊನೆಗೆ ದೊರೆಯು ಅವಳನ್ನು ಬೆಕ್ಕುಗಳೊಡನೆ ಹಡಗಿನಲ್ಲಿ ಒಂಟಿಯಾಗಿ ಸಮುದ್ರಕ್ಕೆ ಬಿಟ್ಟು, ರಾಜಾವಳಿಯಿಂದ ಅವಳ ಹೆಸರನ್ನೇ ಅಳಿಸಿಹಾಕಿಸಿದನು. ಇಲ್ಲಿರುವ ಚಾತುರ್ಯವನ್ನು ಪರಿಶೀಲಿಸಬೇಕು. 1955ರಲ್ಲಿಯೇ ಅಚ್ಚಾಗಿದ್ದ ರಾಜಾವಳಿಯಲ್ಲಿ ತರನ್ನೋನನು ಸಂತಾನವಿಲ್ಲದೆ ಸತ್ತ ಮೊದಲ ದೊರೆಯೆಂದಿತ್ತು, ಕಾರಣವು ಹೇಳಿರಲಿಲ್ಲ. ಕುಲವಿಲ್ಲದ ಹೆಸರನ್ನೂ ಕಾರಣವಿಲ್ಲದ ಸಂತಾನಹೀನತೆಯನ್ನೂ ಗ್ರಂಥಕರ್ತರು ಒಂದಕ್ಕೊಂದು ಹೊಂದಿಸಿದರು. ಹೆಸರು ರಾಜಾವಳಿಯಲ್ಲಿ ಏಕೆ ಇಲ್ಲ ಎಂಬ ಆಕ್ಷೇಪಕ್ಕೂ, ಅಳಿಸಿಹಾಕಲಾಯಿತು ಎಂಬ ಪರಿಹಾರವು ಕಥೆಯೊಳಗೇ ದೊರೆಯಿತು. ಪುರಾಣಗಳಿಗೆ ಉಪಾಖ್ಯಾನಗಳು ಹೇಗೆ ಸೇರುತ್ತವೆಂಬುದನ್ನು ತಿಳಿಯಬಯಸುವವರಿಗೆ, ಕರ್ತೃವೂ ಕಾಲವೂ ನಿಶ್ಚಿತವಾದ ಇಂತಹ ನಿದರ್ಶನವು ಬೇರೆಡೆಯಲ್ಲಿ ಸಿಕ್ಕುವುದು ಕಷ್ಟ.

ಗ್ಲೋರ್ಫಿಂಡೆಲನ ವಿಷಯವೂ ಹೀಗೆಯೇ. ‘ಹೊಂಗೂದಲಿನವನು’ ಎಂಬುದು ಈ ಹೆಸರಿನ ಅರ್ಥ. ಇಂತಹ ಒಬ್ಬ ವೀರನು ಗೊಂಡೊಲಿನ್ ಎಂಬ ನಗರವು ಬಿದ್ದಾಗ ಅಗ್ನಿರಾಕ್ಷಸನೊಡನೆ ಹೋರಾಡಿ ಸತ್ತನೆಂದು ಟೋಲ್ಕಿನ್ನರ ತಾರುಣ್ಯದ ಲೇಖನದಲ್ಲಿದೆ. 1954ರ ಮಹಾಕಥೆಯಲ್ಲಿ, ಸಹಸ್ರಾರು ವರ್ಷಗಳ ನಂತರ, ಅದೇ ಹೆಸರಿನವನು ಜೀವಂತನಾಗಿ ಕುದುರೆಯೇರಿ ಬರುತ್ತಾನೆ. 1977ರಲ್ಲಿ ಪೂರ್ವಪುರಾಣವಾದ ‘ಸಿಲ್ಮರಿಲ್ಲಿಯನ್’ ಅಚ್ಚಾದೊಡನೆ ವಾಚಕರು ಇವರಿಬ್ಬರೋ ಒಬ್ಬನೋ ಎಂದು ವಾದಕ್ಕೆ ತೊಡಗಿದರು. ಗ್ರಂಥಕರ್ತರು 1972ರಲ್ಲಿಯೇ ಇದೇ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡಿದ್ದರೆಂಬುದು 1996ರಲ್ಲಿ ಹೊರಬಿದ್ದಿತು. ಎರಡನೆಯ ಬಾರಿ ಈ ಹೆಸರನ್ನು ಹೆಚ್ಚು ಆಲೋಚಿಸದೆ ಇಟ್ಟುದೆಂದು ಅವರು ಒಪ್ಪುತ್ತಾರೆ. ಇಷ್ಟು ವಿಶಿಷ್ಟವಾದ ಹೆಸರು ಇಬ್ಬರಿಗಿರುವುದು ಸಲ್ಲದೆಂದು ನಿರ್ಣಯಿಸಿ, ಸತ್ತವನು ಪುನಃ ದೇಹವನ್ನು ಪಡೆದು ಮರಳಿ ಬಂದನೆಂದು ಸಿದ್ಧಾಂತ ಮಾಡುತ್ತಾರೆ. ಒಂದು ಹೆಸರಿನ ಪುನರುಕ್ತಿಯನ್ನು ಸಮರ್ಥಿಸಲು ಒಂದು ಪುನರ್ಜನ್ಮವೇ ಬೇಕಾಯಿತು.

1996ರ ಆ ಸಂಪುಟದಲ್ಲಿಯೇ, ಸುಮಾರು 1968ರಲ್ಲಿ ಬರೆದ ಇನ್ನೊಂದು ದೀರ್ಘಟಿಪ್ಪಣಿಯಿದೆ. ಸೌರಾನನ ಹೆಸರಿನಲ್ಲಿ ಕಂಡ ಥಕಾರದ ಸಕಾರಾದೇಶವು ಅಲ್ಲಿ ಒಂದು ರಾಜಕುಲದ ಕಲಹವಾಗಿ ಪರಿಣಮಿಸಿದೆ. ನೋಲ್ದೋರ್ ಎಂಬ ಎಲ್ಫಕುಲದ ದೊರೆ ಫಿನ್ವೆಯ ಮೊದಲ ಪತ್ನಿ ಮೀರಿಯೆಲ್. ಕಸೂತಿಯಲ್ಲಿ ನಿಪುಣೆಯಾದುದರಿಂದ ಅವಳಿಗೆ ‘ಥೆರಿಂದೆ’ ಎಂಬ ಅನ್ವರ್ಥನಾಮವಿತ್ತು. ಜನರು ಥಕಾರವನ್ನು ಬಿಟ್ಟು ‘ಸೆರಿಂದೆ’ ಎನ್ನತೊಡಗಿದರು. ಮಗನಾದ ಫೇಯನೋರನು ಅದನ್ನು ತಾಯಿಗೆ ಮಾಡಿದ ಅಪಚಾರವೆಂದು ಬಗೆದು, ಸಕಾರವನ್ನು ಉಚ್ಚರಿಸುವವರನ್ನೆಲ್ಲ ದ್ವೇಷಿಸಿದನು. ಫಿನ್ವೆಯ ಮರಣಾನಂತರ ಎರಡನೆಯ ಪತ್ನಿಯ ಮಗನು ತನ್ನ ಹೆಸರಿನ ಹಿಂದೆ ತಂದೆಯ ಹೆಸರನ್ನು ಸೇರಿಸಿಕೊಂಡು ಫಿಂಗೋಲ್ಫಿನ್ ಎನ್ನಿಸಿಕೊಂಡುದೂ ಪಟ್ಟದ ಮೇಲೆ ಹಕ್ಕನ್ನು ಸಾಧಿಸುವುದಕ್ಕಾಗಿಯೇ. ಭಾಷಾಶಾಸ್ತ್ರದ ಒಂದು ಸೂತ್ರದಿಂದ ಕುಟುಂಬದ ದುರಂತವನ್ನು ಹೀಗೆ ಹೊರತೆಗೆದುದು ಟೋಲ್ಕಿನ್ನರ ಪ್ರತಿಭೆಯ ವೈಶಿಷ್ಟ್ಯ. ತಾಯಿಯ ಹೆಸರಿನ ಒಂದಕ್ಷರವನ್ನು ಬಿಟ್ಟುಕೊಡದ ಮಗನಲ್ಲಿ ಸಹೃದಯನಾದವನಿಗೆ ಕನಿಕರವೂ ಹುಟ್ಟದಿರದು.

ಇದೇ ಕುಲದ ಕೊನೆಯ ಮಹಾರಾಜನು ಗಿಲ್-ಗಲದ್. ವಾಚಕರು ಇಷ್ಟು ವರ್ಷಗಳಲ್ಲಿ ಅತಿಶಯವಾಗಿ ಚರ್ಚಿಸಿದ ವಂಶಪ್ರಶ್ನೆಯು ಇವನದೇ. 1954ರ ಮಹಾಕಥೆಯಲ್ಲಿ ಇವನು ಸೌರಾನನೊಡನೆ ಯುದ್ಧಮಾಡಿ ಮಡಿದ ಪೂರ್ವಕಾಲದ ರಾಜನಾಗಿ ಮಾತ್ರ ಸ್ಮರಿಸಲ್ಪಡುತ್ತಾನೆ, ತಂದೆಯ ಹೆಸರಿಲ್ಲ. 1977ರಲ್ಲಿ, ತಂದೆಯು ಅಪೂರ್ಣವಾಗಿ ಬಿಟ್ಟುಹೋದ ಪುರಾಣವನ್ನು ಗೈ ಗ್ಯಾವ್ರಿಯಲ್ ಕೇ ಎಂಬವರ ಸಹಾಯದಿಂದ ಸಂಪಾದಿಸಿ ಪ್ರಕಟಿಸಿದ ಕ್ರಿಸ್ಟಫರ್ ಟೋಲ್ಕಿನ್ನರು, ಗಿಲ್-ಗಲದನು ಫಿಂಗೋಲ್ಫಿನನ ಮಗನಾದ ಫಿಂಗೋನನ ಪುತ್ರನೆಂದು ಅಚ್ಚುಹಾಕಿಸಿದರು. ಅಂದಿನಿಂದ ವಂಶವೃಕ್ಷಗಳೆಲ್ಲವೂ ಹಾಗೆಯೇ ರಚಿತವಾದುವು. ಆದರೂ ಸೂಕ್ಷ್ಮದೃಷ್ಟಿಯ ವಾಚಕರಿಗೆ ಇದು ಸರಿಬೀಳಲಿಲ್ಲ. ಫಿಂಗೋನನು ಯುದ್ಧದಲ್ಲಿ ಸತ್ತಾಗ ಪಟ್ಟವು ತಮ್ಮನಾದ ಟುರ್ಗೋನನಿಗೆ ಹೋಯಿತು; ಮಗನಿದ್ದರೆ ಅವನಿಗೇಕೆ ಬರಲಿಲ್ಲ? ಮಗನು ಶಿಶುವಾಗಿದ್ದನೆಂದು ಕೆಲವರು, ಯುದ್ಧಕಾಲವಾದುದರಿಂದ ಪ್ರಾಪ್ತವಯಸ್ಕನನ್ನೇ ಆರಿಸಿದರೆಂದು ಕೆಲವರು, ಸಮಾಧಾನಗಳನ್ನು ಕಲ್ಪಿಸಿದರು. ಪಾಠವೇ ಸಂದಿಗ್ಧವಾಗಿರಬಹುದೆಂಬ ಮೂರನೆಯ ಪಕ್ಷಕ್ಕೆ ಆಗ ಆಧಾರವು ದೊರೆತಿರಲಿಲ್ಲ.

ಆಧಾರವನ್ನು ಒದಗಿಸಿದವರು ಸಂಪಾದಕರೇ. 1983ರಿಂದ 1996ರವರೆಗೆ ಹನ್ನೆರಡು ಸಂಪುಟಗಳಲ್ಲಿ ತಂದೆಯ ಹಸ್ತಪ್ರತಿಗಳನ್ನು ಕಾಲಾನುಕ್ರಮವಾಗಿ ಪ್ರಕಟಿಸಿದ ಅವರು, ಕೊನೆಯ ಸಂಪುಟದಲ್ಲಿ ಗಿಲ್-ಗಲದನ ಪಿತೃತ್ವಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟರು. ಅದರಿಂದ ತಿಳಿದುಬರುವುದೇನೆಂದರೆ: ಆರಂಭದ ಲೇಖನಗಳಲ್ಲಿ ಇವನು ಫೇಯನೋರನ ಸಂತತಿಯವನು, ಬಳಿಕ ಫಿನ್ರೋಡ್ ಫೆಲಗುಂಡನ ಮಗ, ಫಿಂಗೋನನ ಮಗನೆಂಬುದು ನಡುವೆ ಬಂದುಹೋದ ಕ್ಷಣಿಕವಾದ ಊಹೆ, 1965ರ ಟಿಪ್ಪಣಿಯಲ್ಲಿ ಕಾಣುವ ಕೊನೆಯ ನಿರ್ಣಯದ ಪ್ರಕಾರ ಇವನು ಒರೋದ್ರೆತನ ಮಗ, ಅಂದರೆ ಫಿನಾರ್ಫಿನನ ಶಾಖೆಯವನು. ಆ ಒರೋದ್ರೆತನೂ ಅಚ್ಚಾದ ಪುರಾಣದಲ್ಲಿರುವಂತೆ ಫಿನಾರ್ಫಿನನ ಮಗನಲ್ಲ, ಮೊಮ್ಮಗ. ಇಷ್ಟೇ ಅಲ್ಲ. ನೂಮೆನೋರ್ ದ್ವೀಪದ ಕಥೆಯೊಂದರಲ್ಲಿ ಬರುವ ಪತ್ರದಲ್ಲಿ ‘ಫಿನಾರ್ಫಿನನ ಮನೆತನದ ಫಿನೆಲ್ಲಾಖ್ ಗಿಲ್-ಗಲದ್’ ಎಂದಿದ್ದುದನ್ನು, ತಾವು 1980ರಲ್ಲಿ ಅಚ್ಚುಮಾಡುವಾಗ, ಹಿಂದಿನ ಪುಸ್ತಕದೊಡನೆ ಹೊಂದುವಂತೆ ‘ಫಿಂಗೋನನ ಮಗನಾದ ಎರೆಯಿನಿಯೋನ್ ಗಿಲ್-ಗಲದ್’ ಎಂದು ತಿದ್ದಿದುದಾಗಿಯೂ ಅವರು ತಿಳಿಸಿದರು. ಪಿತೃತ್ವವನ್ನು ಹೇಳದೆ ಅಸ್ಪಷ್ಟವಾಗಿ ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತೆಂಬುದು ಅವರ ಅಭಿಪ್ರಾಯ. ಸಂಪಾದಕನೊಬ್ಬನು ತನ್ನ ತಿದ್ದುಪಡಿಯನ್ನು ತಾನೇ ಬಯಲಿಗಿಟ್ಟು, ತಿದ್ದುವ ಮೊದಲಿನ ಪಾಠವನ್ನೂ ಅಚ್ಚುಹಾಕಿದುದು ಗ್ರಂಥಸಂಪಾದನೆಯ ಇತಿಹಾಸದಲ್ಲಿ ಗೌರವಿಸತಕ್ಕ ಸಂಗತಿ. ತಾಳೆಯೋಲೆಗಳನ್ನು ಪರಿಷ್ಕರಿಸುವವರಲ್ಲಿ ಎಷ್ಟು ಮಂದಿ ಹೀಗೆ ಮಾಡಿರುವರೆಂಬುದನ್ನು ಬಲ್ಲವರು ಬಲ್ಲರು.

ಹೆಸರಿನ ಸಾಕ್ಷ್ಯವು ಈ ವಿವಾದದಲ್ಲಿ ಏನನ್ನು ಹೇಳುತ್ತದೆ? ಗಿಲ್-ಗಲದ್ ಎಂಬುದು ಬಿರುದು. ಬೆಳ್ಳಿಯ ಲೇಪವುಳ್ಳ ಅವನ ಶಿರಸ್ತ್ರಾಣ, ಕವಚ, ಗುರಾಣಿಗಳು ದೂರದಿಂದ ನಕ್ಷತ್ರದಂತೆ ಹೊಳೆಯುತ್ತಿದ್ದುದರಿಂದ ಬಂದುದು. ಎರೆಯಿನಿಯೋನ್ ಎಂದರೆ ‘ರಾಜರ ಕುಡಿ’. ಹಸ್ತಪ್ರತಿಗಳು ಹೊರಬರುವ ಮೊದಲು, ಮಹಾರಾಜರ ಶಾಖೆಯಲ್ಲಿ ಹುಟ್ಟಿದ ಫಿಂಗೋನನ ಪುತ್ರನಿಗೇ ಈ ಹೆಸರು ಯೋಗ್ಯವೆಂದು ವಾದಿಸುವುದು ಸುಲಭವಾಗಿತ್ತು. ಆದರೆ ಫೆಲಗುಂಡನೂ ರಾಜ, ಒರೋದ್ರೆತನೂ ರಾಜ. ‘ರಾಜರ ಕುಡಿ’ ಎಂಬುದು ಯಾವ ತಂದೆಗೂ ಸಲ್ಲುವುದು. ಅದಕ್ಕೆ ಪ್ರತಿಯಾಗಿ ‘ಫಿನೆಲ್ಲಾಖ್’ ಎಂಬುದರ ಮೊದಲ ಭಾಗವು ಫಿನ್ವೆಯ ವಂಶವನ್ನು ಸೂಚಿಸುವಂತಿದ್ದರೂ, ಆ ವಂಶದ ಯಾವ ಶಾಖೆಯೆಂದು ಹೇಳಲಾರದು. ಅನ್ವರ್ಥನಾಮವು ಕುಲವನ್ನು ತೋರಿಸೀತು, ತಂದೆಯನ್ನು ತೋರಿಸದು. ಅದಕ್ಕೆ ಹಸ್ತಪ್ರತಿಯೇ ಬೇಕು. ಹಸ್ತಪ್ರತಿಯಾದರೂ ನಾಲ್ಕು ತಂದೆಗಳನ್ನು ತೋರಿಸಿದರೆ, ಕಾಲದಲ್ಲಿ ಕೊನೆಯದೇ ಪ್ರಮಾಣವೆಂದು ಹೇಳಬಹುದೆ? ಆ ಕೊನೆಯ ನಿರ್ಣಯಕ್ಕೆ ಅನುಗುಣವಾಗಿ ಹಿಂದಿನ ಕಥಾಭಾಗಗಳನ್ನು ಗ್ರಂಥಕರ್ತರು ತಿದ್ದಲೇ ಇಲ್ಲ. ಒರೋದ್ರೆತನನ್ನು ಮೊಮ್ಮಗನೆಂದು ಒಪ್ಪಿದರೆ ಅಚ್ಚಾದ ಪುರಾಣದ ಅನೇಕ ಪ್ರಸಂಗಗಳನ್ನು ಹೊಸದಾಗಿ ಬರೆಯಬೇಕಾಗುವುದು.

ಕ್ರಿಸ್ಟಫರ್ ಟೋಲ್ಕಿನ್ನರು 2020ರ ಜನವರಿಯಲ್ಲಿ ತೀರಿಕೊಂಡರು. ‘ಸಿಲ್ಮರಿಲ್ಲಿಯನ್’ ಗ್ರಂಥದಲ್ಲಿ ಗಿಲ್-ಗಲದನು ಇಂದಿಗೂ ಫಿಂಗೋನನ ಮಗನಾಗಿಯೇ ಅಚ್ಚಾಗುತ್ತಿದ್ದಾನೆ. ವಿಚಾರವಂತರಾದ ವಾಚಕರು ಸಿದ್ಧಪಡಿಸುವ ವಂಶವೃಕ್ಷಗಳಲ್ಲಿ ಮಾತ್ರ ಅವನ ಹೆಸರು ಒರೋದ್ರೆತನ ಕೆಳಗೆ ಬರುತ್ತದೆ, ಇಲ್ಲವೆ ಎರಡು ಕಡೆಗಳಲ್ಲಿಯೂ ಚುಕ್ಕೆಗೆರೆಯಿಂದ ಸೇರಿಸಲ್ಪಟ್ಟಿರುತ್ತದೆ.